ಇನ್ವರ್ಟರ್ ಇದ್ದರೂ ರೂಟರ್‌ಗೆ ಮಿನಿ ಯುಪಿಎಸ್ ಬೇಕಾ? ಶಿರಸಿ ಮಳೆಗಾಲದ ಅನುಭವ

ಮನೇಲಿ 150 ಎಎಚ್ ಬ್ಯಾಟರಿಯ ಇನ್ವರ್ಟರ್ ಇದೆ, ಮತ್ತೆ ಈ ಮಿನಿ ಯುಪಿಎಸ್ (ಕರೆಂಟು ಹೋದಾಗ ಮೋಡೆಮ್, ರೂಟರ್ ನಡೆಸುವ ಪುಟ್ಟ ಬ್ಯಾಟರಿ ಡಬ್ಬಿ) ಯಾಕೆ ಅಂತ ಅಪ್ಪ ಕೇಳಿದ್ದರು. ಕೇಳಿದ್ದು ಸರಿಯೇ. ಆದರೆ ನಮ್ಮ ಹಳೆ ಇನ್ವರ್ಟರ್ ಕರೆಂಟಿನಿಂದ ಬ್ಯಾಟರಿಗೆ ಬದಲಾಗುವಷ್ಟರಲ್ಲಿ ಫೈಬರ್ ಮೋಡೆಮ್ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಫೈಬರ್ ಸಂಪರ್ಕ ಸಿಕ್ಕಿತೋ ಇಲ್ಲವೋ ಅಂತ ತೋರಿಸುವ ಪಾನ್ (PON) ದೀಪ ಮಿನುಗೋದು ನಿಲ್ಲುವ ತನಕ ನಾನು ಮೀಟಿಂಗಿನಿಂದ ಹೊರಗೆ. ಶಿರಸಿ–ಕುಮಟಾ ರಸ್ತೆಯಿಂದ ಒಳಗಿರುವ ನಮ್ಮೂರಲ್ಲಿ ಜೂನ್ ಬಂತೆಂದರೆ ಲೈನ್ ಮೇಲೆ ಕೊಂಬೆ ಬೀಳೋದು ಮಾಮೂಲು. ಒಂದೇ ಮೀಟಿಂಗಲ್ಲಿ ನಾಲ್ಕು ಸಲ ‘ಸಾರಿ, ಕರೆಂಟು’ ಅನ್ನೋಕೆ ಆಗತ್ತಾ?

ಹಾಗಾಗಿ ಪೇಟೆಯಲ್ಲಿ ಒಂದು 12 ವೋಲ್ಟಿನ ಮಿನಿ ಯುಪಿಎಸ್ ತಗೊಂಡೆ. ಬ್ರಾಂಡ್ ಹೆಸರು ಬೇಡ, ಈ ಜಾತಿಯವೆಲ್ಲ ಹೆಚ್ಚುಕಡಿಮೆ ಒಂದೇ ತರಹ. ಅಡಾಪ್ಟರ್ ಮತ್ತು ಮೋಡೆಮ್ ನಡುವೆ ಸಿಕ್ಕಿಸಿದರೆ ಮುಗೀತು. ಈಗ ಕರೆಂಟು ಹೋದದ್ದು ಫ್ಯಾನ್ ನೋಡಿಯೇ ಗೊತ್ತಾಗಬೇಕು.

ಪೆಟ್ಟಿಗೆ ಮೇಲೆ ಬರೆದ ‘10,400 ಎಂಎಎಚ್, 8 ಗಂಟೆ’ ಮಾತ್ರ ಸುಮ್ನೆ. ಆ ಎಂಎಎಚ್ ಒಳಗಿನ ಸೆಲ್ಲಿನ 3.7 ವೋಲ್ಟಿನ ಲೆಕ್ಕ. ಗುಣಿಸಿದರೆ ಸುಮಾರು 38 ವ್ಯಾಟ್ ಅವರ್, ಅಂದರೆ 38 ವ್ಯಾಟಿನ ವಸ್ತು ಒಂದು ಗಂಟೆ ನಡೆಯುವಷ್ಟು. 12 ವೋಲ್ಟಿಗೆ ಏರಿಸುವಾಗ ಸ್ವಲ್ಪ ಸೋರಿ, ಕೈಗೆ ಸಿಗೋದು 32ರ ಆಸುಪಾಸು. ನನ್ನ ಮೋಡೆಮ್, ಮಾಳಿಗೆಯ ರೂಟರ್ ಎರಡೂ ಸೇರಿ 10 ವ್ಯಾಟ್ ತಿನ್ನುತ್ತವೆ. ಅಂದರೆ ಮೂರು ಗಂಟೆ. ಬರುತ್ತಿರೋದೂ ಅಷ್ಟೇ. ಒಂದೇ ಮೋಡೆಮ್ ಇದ್ದವರಿಗೆ ಜಾಸ್ತಿ ಬರುತ್ತದೆ.

ಜೊತೆಗೆ ಕೊಟ್ಟ ವೈರು ನನಗೆ ತಲೆನೋವು ಕೊಟ್ಟಿತು. ಪಿನ್ನಿನ ಹೊರಗಿನ ಅಳತೆ 5.5 ಮಿಲಿಮೀಟರ್, ಸರಿ ಇತ್ತು. ಒಳಗಿನ ತೂತು 2.5, ಮೋಡೆಮ್ಮಿನದು 2.1. ಹಾಕಿದರೆ ಕೂತ ಹಾಗೇ ಕಾಣುತ್ತದೆ, ಟೇಬಲ್ ಅಲುಗಾಡಿದರೆ ಆಫ್! ಅಂಗಡಿಯವರು ತಕರಾರಿಲ್ಲದೆ ಬೇರೆ ವೈರು ಕೊಟ್ಟರು. ಕೊಳ್ಳಲು ಹೋಗುವಾಗ ನಿಮ್ಮ ಅಡಾಪ್ಟರ್ ಜೇಬಲ್ಲಿ ಇರಲಿ. ಅದರ ಮೇಲೆ 12 ವೋಲ್ಟ್ ಅಂತ ಇದೆಯಾ, 9 ಅಂತ ಇದೆಯಾ ಅಂತಲೂ ನೋಡಿ.

ನನಗೆ ಇದು ನಿಜವಾಗಿ ಇಷ್ಟವಾದದ್ದು ಗುಡುಗಿನ ದಿನಗಳಲ್ಲಿ. ಮೇ ತಿಂಗಳ ಸಂಜೆ ಆಕಾಶ ಕಪ್ಪಾದ ಕೂಡಲೇ ಅಡಾಪ್ಟರನ್ನು ಗೋಡೆಯಿಂದ ಕಿತ್ತುಬಿಡುತ್ತೇನೆ. ಮೋಡೆಮ್ ಬ್ಯಾಟರಿ ಮೇಲೆ ನಡೆಯುತ್ತಿರುತ್ತದೆ. ಫೈಬರ್ ಎಳೆ ಗಾಜು, ಅದರಲ್ಲಿ ಕರೆಂಟು ಹರಿಯಲ್ಲ. ಲೈನಿನಿಂದ ಬರುವ ಹೊಡೆತಕ್ಕೆ ದಾರಿಯೇ ಇಲ್ಲ. ಕೆಲಸವೂ ನಿಲ್ಲಲ್ಲ. ಮೋಡೆಮ್ಮನ್ನು ಇನ್ವರ್ಟರ್ ಪ್ಲಗ್ಗಿನಲ್ಲೇ ಬಿಟ್ಟಿದ್ದರೆ ಈ ಧೈರ್ಯ ಇರುತ್ತಿರಲಿಲ್ಲ.

ಚಾರ್ಜ್ ಆಗೋದು ಮಾತ್ರ ನಿಧಾನ. ಮೋಡೆಮ್ ಜೊತೆ ಬಂದ 1 ಆಂಪಿನ ಅಡಾಪ್ಟರ್ ಮೋಡೆಮ್ ನಡೆಸೋದರಲ್ಲೇ ಸುಸ್ತಾಗಿ, ಬ್ಯಾಟರಿಗೆ ಚೂರುಪಾರು ಕೊಡುತ್ತದೆ. ಕರೆಂಟು ಒಂದು ಗಂಟೆ ಬಂದು ಮತ್ತೆ ಹೋಗುವ ನಮ್ಮಂಥ ಊರಿಗೆ ಅದು ಸಾಲದು. 2 ಆಂಪಿನದು ಹಾಕಿದ ಮೇಲೆ ಪರವಾಗಿಲ್ಲ. ಇಡೀ ದಿನ ಕರೆಂಟಿಲ್ಲದ ಊರಾದರೆ ಇದೊಂದನ್ನೇ ನಂಬಿ ಕೂರಬೇಡಿ, ಇದರ ಅಡಾಪ್ಟರನ್ನು ಇನ್ವರ್ಟರ್ ಲೈನಿಗೇ ಹಾಕಿ. ನಾನು ಹಾಗೇ ಮಾಡಿದ್ದೇನೆ. ಐದಕ್ಕೆ ನಾಲ್ಕು ಸ್ಟಾರ್.