ವ್ಯಸನಮುಕ್ತಿ ಕೇಂದ್ರದ ಚಿಕಿತ್ಸೆ: ಒಳಗಿದ್ದಾಗ ಉತ್ತಮ, ಹೊರಬಂದ ಮೇಲೆ ಅಪೂರ್ಣ

ಮದ್ಯವ್ಯಸನದ ಚಿಕಿತ್ಸೆಗೆಂದು ನಮ್ಮಣ್ಣನನ್ನು ಸೇರಿಸಿದ್ದ ಕೇಂದ್ರದ ಬಗ್ಗೆ ಈ ವಿಮರ್ಶೆ. ಇಂಥ ಕೇಂದ್ರವನ್ನು ಆರಿಸುವಾಗ ಮನೆಯವರು ಸಾಮಾನ್ಯವಾಗಿ ಶುಲ್ಕವೆಷ್ಟು, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಎಂದು ವಿಚಾರಿಸುತ್ತಾರೆ. ಅದಕ್ಕಿಂತ ಮೊದಲು ರಾತ್ರಿ ಪಾಳಿಯಲ್ಲಿ ವೈದ್ಯರು ಇರುತ್ತಾರೆಯೇ ಎಂದು ಕೇಳಬೇಕು. ಇಲ್ಲಿ ಇದ್ದರು, ಮತ್ತು ಈ ಕೇಂದ್ರವನ್ನು ನಾನು ಮೆಚ್ಚಲು ಮುಖ್ಯ ಕಾರಣವೇ ಅದು.

ವರ್ಷಗಟ್ಟಲೆ ದಿನವೂ ಮದ್ಯ ಸೇವಿಸಿದವರ ಮಿದುಳು, ಮದ್ಯ ತರುವ ಮಂಕನ್ನು ಸರಿದೂಗಿಸಲು ತನ್ನ ಉದ್ರೇಕದ ಮಟ್ಟವನ್ನು ಏರಿಸಿಕೊಂಡಿರುತ್ತದೆ. ಕುಡಿತ ಒಮ್ಮೆಲೇ ನಿಂತರೆ ಆ ಉದ್ರೇಕಕ್ಕೆ ಕಡಿವಾಣ ಇಲ್ಲವಾಗುತ್ತದೆ. ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ವಾಕರಿಕೆ ಶುರುವಾಗುತ್ತವೆ. ಮೊದಲ 48 ಗಂಟೆಗಳಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೆಯ ದಿನದ ನಡುವೆ ಇನ್ನು ಕೆಲವರಿಗೆ ದಿಕ್ಕುದೆಸೆ ತಿಳಿಯದ ಗೊಂದಲ, ಇಲ್ಲದ್ದು ಕಾಣುವುದು, ಜ್ವರ, ಏರಿದ ರಕ್ತದೊತ್ತಡ ಒಟ್ಟಾಗಿ ಬರುವ ಡಿಲೀರಿಯಂ ಟ್ರೆಮೆನ್ಸ್ ಎಂಬ ಸ್ಥಿತಿ ಉಂಟಾಗುತ್ತದೆ. ಚಿಕಿತ್ಸೆ ಸಿಗದಿದ್ದರೆ ಅದು ಪ್ರಾಣವನ್ನೇ ತೆಗೆಯಬಲ್ಲದು. ಕೋಣೆಯಲ್ಲಿ ಕೂಡಿಹಾಕಿದರೆ ತಾನಾಗಿಯೇ ಸರಿಹೋಗುತ್ತಾನೆ ಎಂದು ಸಲಹೆ ಕೊಡುವವರು ಇದನ್ನು ಅರಿತಿರಬೇಕು.

ಇಲ್ಲಿನ ಶುಶ್ರೂಷಕಿಯರು ಕೆಲವು ಗಂಟೆಗಳಿಗೊಮ್ಮೆ ಬಂದು ಅಣ್ಣನಿಗೆ ಎರಡೂ ಕೈ ಮುಂದೆ ಚಾಚಿ ಬೆರಳುಗಳನ್ನು ಅಗಲಿಸುವಂತೆ ಹೇಳುತ್ತಿದ್ದರು. ನಡುಕ ನೋಡಿ, ಅಂಗೈ ಮುಟ್ಟಿ ಬೆವರು ಪರೀಕ್ಷಿಸಿ, ಇವತ್ತು ಯಾವ ವಾರ, ನೀವು ಈಗ ಎಲ್ಲಿದ್ದೀರಿ ಎಂದು ಕೇಳಿ ಅಂಕ ಬರೆದುಕೊಳ್ಳುತ್ತಿದ್ದರು. ಮಾತ್ರೆಯ ಪ್ರಮಾಣ ಆ ಅಂಕಗಳನ್ನು ಅನುಸರಿಸಿ ಏರಿಳಿಯುತ್ತಿತ್ತು. ಆರಂಭದಲ್ಲಿ ಮಿದುಳಿನ ಉದ್ರೇಕ ತಗ್ಗಿಸುವ ಕ್ಲೋರ್‌ಡಯಾಜೆಪಾಕ್ಸೈಡ್ ಕೊಟ್ಟಿದ್ದ ವೈದ್ಯರು, ರಕ್ತಪರೀಕ್ಷೆಯಲ್ಲಿ ಯಕೃತ್ತಿನ ತೊಂದರೆ ಕಂಡೊಡನೆ ಅದರ ಬದಲು ಯಕೃತ್ತಿಗೆ ಅಷ್ಟು ಹೊರೆಯಾಗದ ಲೋರಾಜೆಪಾಮ್‌ಗೆ ಹೋದರು. ಗ್ಲೂಕೋಸ್ ಏರಿಸುವ ಮುನ್ನವೇ ಥಯಾಮಿನ್, ಅಂದರೆ ಬಿ1 ಜೀವಸತ್ವದ ಚುಚ್ಚುಮದ್ದು ಕೊಟ್ಟರು. ದೀರ್ಘಕಾಲ ಕುಡಿದವರಲ್ಲಿ ಅದರ ಕೊರತೆ ಸಾಮಾನ್ಯ. ಕಡೆಗಣಿಸಿದರೆ ನಡಿಗೆ ತೂರಾಡುವುದಲ್ಲದೆ ನೆನಪಿನ ಶಕ್ತಿಯೇ ಶಾಶ್ವತವಾಗಿ ಕುಂದಬಹುದು.

ಅತ್ತಿಗೆಯನ್ನೂ ನನ್ನನ್ನೂ ಕೂರಿಸಿಕೊಂಡು ವೈದ್ಯರು ವಿವರಿಸಿದ ರೀತಿಯೂ ಸಮಾಧಾನ ತಂದಿತು. ಕುಡಿತ ನಿಲ್ಲಿಸಿದರೆ ಕೊಬ್ಬು ತುಂಬಿದ ಯಕೃತ್ತು ಕೆಲವೇ ವಾರಗಳಲ್ಲಿ ಚೇತರಿಸಿಕೊಳ್ಳುತ್ತದೆ, ಆದರೆ ಸಿರೋಸಿಸ್ ಆಗಿ ಗಡುಸಾದ ಭಾಗ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ ಎಂದು ಅವರು ಯಾವುದನ್ನೂ ಮುಚ್ಚಿಡದೆ ಹೇಳಿದರು. ಮದ್ಯವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲಿಯೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ, ಅಂದರೆ ಕ್ಯಾನ್ಸರ್ ತರುವುದು ಖಚಿತವಾದವುಗಳ ಗುಂಪಿಗೆ, ಸೇರಿಸಿತ್ತು. ಬಾಯಿ, ಅನ್ನನಾಳ, ದೊಡ್ಡಕರುಳು, ಸ್ತನ ಇವುಗಳ ಕ್ಯಾನ್ಸರಿಗೂ ಕುಡಿತಕ್ಕೂ ಇರುವ ನಂಟು ಯಕೃತ್ತಿನ ಕಾಯಿಲೆಯಷ್ಟು ಜನರಿಗೆ ಗೊತ್ತಿಲ್ಲ.

ಕುಡಿತದ ಹಂಬಲ ತಗ್ಗಿಸುವ ಔಷಧಿಗಳಲ್ಲಿ ನಾಲ್ಟ್ರೆಕ್ಸೋನ್ ಬದಲು, ಯಕೃತ್ತಿಗೆ ಹೊರೆಯಾಗದೆ ಮೂತ್ರಪಿಂಡಗಳ ಮೂಲಕ ಹೊರಹೋಗುವ ಅಕಾಂಪ್ರೋಸೇಟ್ ಅನ್ನು ಅಣ್ಣನಿಗೆ ಬರೆದುಕೊಟ್ಟರು. ಡೈಸಲ್ಫಿರಾಮ್ ಮಾತ್ರೆಯನ್ನು ಅವನಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿಕೊಡಬಹುದೇ ಎಂದು ನಮ್ಮ ಬಂಧುವೊಬ್ಬರು ಕೇಳಿದಾಗ ವೈದ್ಯರು ಖಡಾಖಂಡಿತವಾಗಿ ನಿರಾಕರಿಸಿದರು. ಆ ಔಷಧಿ ದೇಹದಲ್ಲಿರುವಾಗ ಮದ್ಯ ಸೇವಿಸಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆಬಡಿತ ಹೆಚ್ಚಿ, ರಕ್ತದೊತ್ತಡ ಅಪಾಯಕರವಾಗಿ ಕುಸಿಯಬಹುದು. ಮಾತ್ರೆ ಬಿಟ್ಟು ಎರಡು ವಾರಗಳವರೆಗೂ ಆ ಸಾಧ್ಯತೆ ಇರುತ್ತದೆ. ಗುಟ್ಟಾಗಿ ಬೆರೆಸುವ ಪುಡಿಗಳನ್ನು ಮಾರುವವರೇ ಹೆಚ್ಚಾಗಿರುವಾಗ, ರೋಗಿಯ ಒಪ್ಪಿಗೆಯಿಲ್ಲದೆ ಕೊಡುವುದಿಲ್ಲವೆಂದ ಆ ವೈದ್ಯರ ಬಗ್ಗೆ ನನಗೆ ಗೌರವ ಹೆಚ್ಚಿತು.

ಕೋಣೆ, ಊಟ, ಸ್ವಚ್ಛತೆಯಲ್ಲಿ ದೂರುವಂಥದ್ದೇನೂ ಇರಲಿಲ್ಲ.

ಆದರೆ ಡಿಸ್ಚಾರ್ಜ್ ಆದ ಮೇಲೆ ಇದೇ ಕಾಳಜಿ ಕಾಣಲಿಲ್ಲ. ಔಷಧಿ ಚೀಟಿ ಕೈಗಿತ್ತರೇ ಹೊರತು ಮುಂದಿನ ಭೇಟಿಯ ದಿನಾಂಕ ಕೊಡಲಿಲ್ಲ, ಆಪ್ತಸಮಾಲೋಚಕರು ಒಮ್ಮೆಯೂ ಫೋನ್ ಮಾಡಿ ವಿಚಾರಿಸಲಿಲ್ಲ. ಕೆಲವು ತಿಂಗಳ ನಂತರ ಅಣ್ಣ ಮತ್ತೆ ಕುಡಿದಾಗ ಅತ್ತಿಗೆ ಕರೆ ಮಾಡಿದರೆ, ಸ್ವಾಗತ ಕಚೇರಿಯವರು ಪೂರ್ತಿ ಶುಲ್ಕ ಕಟ್ಟಿ ಮೊದಲಿನಿಂದ ಸೇರಿಸಿ ಎಂದರು; ಅವರ ದನಿಯಲ್ಲಿ ಅಣ್ಣ ಏನೋ ವಂಚನೆ ಮಾಡಿದನೆಂಬ ಧಾಟಿಯಿತ್ತು. ಮದ್ಯಾವಲಂಬನೆಯಲ್ಲಿ ಕುಡಿತ ಮರುಕಳಿಸುವುದು ಅಪರೂಪವಲ್ಲ. ಸಕ್ಕರೆ ಪ್ರಮಾಣ ಏರಿತೆಂದು ಮಧುಮೇಹಿಯನ್ನು ಯಾರೂ ಗದರಿಸಿ ಕಳುಹಿಸುವುದಿಲ್ಲ, ಔಷಧಿಯನ್ನು ಮರುಪರಿಶೀಲಿಸುತ್ತಾರೆ. ನಮಗೂ ಅಷ್ಟೇ ಬೇಕಿತ್ತು. ಕೊನೆಗೆ ಬೇರೊಬ್ಬ ಮನೋವೈದ್ಯರು ಹೊರರೋಗಿಯಾಗಿಯೇ ನೋಡಿ, ಔಷಧಿ ಮುಂದುವರಿಸಿ, ಅಣ್ಣನನ್ನು ಮದ್ಯ ತ್ಯಜಿಸಿದವರ ಪರಸ್ಪರ ನೆರವಿನ ಸಭೆಗಳಿಗೆ ಕಳುಹಿಸಿದರು.

ದಿನವೂ ಕುಡಿಯುವ, ಬೆಳಗ್ಗೆ ಎದ್ದೊಡನೆ ಕೈ ನಡುಗುವ ಅಥವಾ ಹಿಂದೆ ಕುಡಿತ ಬಿಟ್ಟಾಗ ಫಿಟ್ಸ್ ಬಂದಿದ್ದವರಿಗೆ, ಮೊದಲ ವಾರದ ಮಟ್ಟಿಗೆ, ಈ ಕೇಂದ್ರವನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಅವಲಂಬನೆ ಅಷ್ಟು ತೀವ್ರವಾಗಿಲ್ಲದವರಿಗೆ ವೈದ್ಯರ ಸಲಹೆಯಂತೆ ಹೊರರೋಗಿ ಚಿಕಿತ್ಸೆಯೇ ಸಾಕಾಗಬಹುದು. ಇಲ್ಲಿಗೆ ಸೇರಿಸುವವರು ಡಿಸ್ಚಾರ್ಜ್‌ಗೆ ಮೊದಲೇ ಮುಂದಿನ ಭೇಟಿಗಳ ದಿನಾಂಕ, ನೋಡುವ ವೈದ್ಯರ ಹೆಸರು ಮತ್ತು ತುರ್ತಿಗೆ ಕರೆ ಮಾಡಬೇಕಾದ ಸಂಖ್ಯೆಯನ್ನು ಬರಹದಲ್ಲಿ ಪಡೆದುಕೊಳ್ಳಿ.