ಬಿಗ್ ಬ್ಲೈಂಡ್‌ನಲ್ಲಿ ಯಾವ ಆಟ? ನನ್ನ ಓಟು ಚೆಕ್-ರೇಸ್‌ಗೆ

ಅಮೆರಿಕದ ಸ್ಯಾನ್ ಹೋಸೆ ಕಡೆಯ ಕಾರ್ಡ್ ರೂಮ್‌ಗಳಲ್ಲಿ ನಾನು ಆಡುವುದು 8-16 ಡಾಲರ್ ಲಿಮಿಟ್ ಹೋಲ್ಡೆಮ್: ಪೋಕರ್‌ನ ಒಂದು ಬಗೆ, ಬೆಟ್ ಮೊದಲೆರಡು ಸುತ್ತಿಗೆ 8, ಕೊನೆಯೆರಡಕ್ಕೆ 16. ಬಿಗ್ ಬ್ಲೈಂಡ್ ಅಂದರೆ ಎಲೆ ನೋಡುವ ಮುಂಚೆಯೇ 8 ಡಾಲರ್ ಹಾಕಬೇಕಾದ ಜಾಗ. ಅಲ್ಲಿ ಕೂತಾಗ ಇನ್ನೊಬ್ಬ ರೇಸ್ ಮಾಡಿದರೆ, ಅಂದರೆ ಬೆಟ್ ಏರಿಸಿದರೆ, ಏನು ಮಾಡಬೇಕು? ಮೂರು ದಾರಿಯನ್ನೂ ಬಳಸಿ ನೋಡಿದ್ದೇನೆ. ಒಂದು, ಫ್ಲಾಪ್‌ಗೂ (ಮೇಜಿನ ಮೇಲೆ ಬೀಳುವ ಮೊದಲ ಮೂರು ಎಲೆ) ಮುಂಚೆ ತಿರುಗಿ ರೇಸ್ ಮಾಡುವುದು. ಎರಡು, ಕಾಲ್ ಮಾಡಿ (ಅವನು ಹಾಕಿದಷ್ಟೇ ಹಾಕಿ), ಫ್ಲಾಪ್ ಬಿದ್ದ ಕೂಡಲೇ ನಾನೇ ಬೆಟ್ ಹಾಕುವುದು. ಮೂರು, ಕಾಲ್ ಮಾಡಿ, ಚೆಕ್ ಮಾಡಿ (ಬೆಟ್ ಹಾಕದೆ ಸರದಿ ಬಿಟ್ಟು), ಅವನು ಬೆಟ್ ಹಾಕಿದ ಮೇಲೆ ರೇಸ್ ಮಾಡುವುದು. ಮೂರನೆಯದೇ, ಅಂದರೆ ಚೆಕ್-ರೇಸೇ, ನನಗೆ ಸರಿಹೋಯಿತು.

ಬಟನ್‌ನವನು (ಫ್ಲಾಪ್ ಆದ ಮೇಲೆ ಎಲ್ಲರಿಗಿಂತ ಕೊನೆಗೆ ಆಡುವವನು) ರೇಸ್ ಮಾಡಿ 16 ಹಾಕಿ, ಸ್ಮಾಲ್ ಬ್ಲೈಂಡ್ (ಮೊದಲೇ 4 ಹಾಕಿದವನು) ಎಲೆ ಎಸೆದರೆ, ನನ್ನ 8 ಸೇರಿ ಪಾಟ್‌ನಲ್ಲಿ, ಅಂದರೆ ನಡುವಿನ ದುಡ್ಡಿನ ಗುಡ್ಡೆಯಲ್ಲಿ, 28 ಡಾಲರ್. ನಾನು ಹಾಕಬೇಕಾದ್ದು 8. ಬರೀ ಲೆಕ್ಕಕ್ಕೆ ನೂರಕ್ಕೆ 22-23 ಸಲ ಗೆಲ್ಲುವ ಎಲೆ ಸಾಕು. ಆದರೆ ಮುಂದಿನ ಮೂರು ಸುತ್ತೂ ನಾನೇ ಮೊದಲು ಆಡಬೇಕಲ್ವಾ, ಅದಕ್ಕೆ ಇನ್ನೂ ಸ್ವಲ್ಪ ಜಾಸ್ತಿಯೇ ಬೇಕು. ಇಬ್ಬರೇ ಆಡುವ ಲಿಮಿಟ್ ಹೋಲ್ಡೆಮ್ ಅನ್ನು ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಸೆಫಿಯಸ್ ಅನ್ನುವ ಪ್ರೋಗ್ರಾಮ್‌ನಿಂದ 2015ರಲ್ಲಿ ಹೆಚ್ಚುಕಡಿಮೆ ಬಿಡಿಸಿಬಿಟ್ಟರು. ಇಬ್ಬರೂ ತಪ್ಪಿಲ್ಲದೆ ಆಡಿದರೂ ಬಟನ್‌ನವನು ಪ್ರತಿ ಕೈಗೆ ಬಿಗ್ ಬ್ಲೈಂಡಿನ ನೂರಕ್ಕೆ ಸುಮಾರು 9 ಪಾಲು ಗೆಲ್ಲುತ್ತಾನೆ. ಅಂದರೆ ಬಿಗ್ ಬ್ಲೈಂಡ್‌ನಲ್ಲಿ ಕೂತವರು ನೋಡಬೇಕಾದ್ದು ಕಡಿಮೆ ಕಳೆದುಕೊಳ್ಳುವುದು ಹೇಗೆ ಅಂತ.

ತಿರುಗಿ ರೇಸ್ ಮಾಡುವುದು ದೊಡ್ಡ ಜೋಡಿಗೆ, ಎಕ್ಕ-ರಾಜನಿಗೆ ಸರಿ. ಮಿಕ್ಕಿದ್ದಕ್ಕೆ ದುಬಾರಿ.

ಚೆಕ್-ರೇಸ್‌ನಲ್ಲಿ ಒಂದೇ ತಲೆನೋವು: ಅವನೂ ಚೆಕ್ ಮಾಡಿಬಿಟ್ಟರೆ? ನನ್ನ ಕೈಯಲ್ಲಿ 9-8 ಇದೆ ಅನ್ನಿ. ಫ್ಲಾಪ್‌ನಲ್ಲಿ 9-6-2 ಬಿತ್ತು. ನಾನು ಚೆಕ್ ಅಂತ ಮೇಜು ತಟ್ಟಿದೆ. ರಾಜ-ಗುಲಾಮ ಹಿಡಿದವನೂ ಮೇಜು ತಟ್ಟಿ ಸುಮ್ನೆ ಕೂತ. ಟರ್ನ್‌ನಲ್ಲಿ (ಮೇಜಿನ ನಾಲ್ಕನೆಯ ಎಲೆ) ಒಂದು ರಾಜ. ಉಳಿದ 45 ಎಲೆಗಳಲ್ಲಿ ಅವನಿಗೆ ಬೇಕಾಗಿದ್ದು ಆರು, ಅದರಲ್ಲೊಂದನ್ನು ನಾನು ಪುಕ್ಕಟೆ ಕೊಟ್ಟ ಹಾಗಾಯಿತು. ನಾನೇ 8 ಡಾಲರ್ ಬೆಟ್ ಹಾಕಿದ್ದರೆ ಅವನು ದುಡ್ಡು ಕೊಟ್ಟು ನೋಡಬೇಕಿತ್ತು, ಇಲ್ಲ ಎಲೆ ಎಸೆಯಬೇಕಿತ್ತು.

ಇದು ಎಲ್ಲರ ಹತ್ತಿರ ಆಗುವುದಿಲ್ಲ. ರೇಸ್ ಮಾಡಿದ ಹೆಚ್ಚಿನವರು ಫ್ಲಾಪ್‌ನಲ್ಲಿ ಒಂದು ಸಣ್ಣ ಬೆಟ್ ಹಾಕೇ ಹಾಕುತ್ತಾರೆ, ಅದರಲ್ಲೂ ಇಬ್ಬರೇ ಉಳಿದಾಗ. ರಾಜ-7-2 ಥರದ ಒಣ ಫ್ಲಾಪ್ ಬಿದ್ದರಂತೂ ಯೋಚನೆಯೇ ಬೇಡ. 8-7-6 ಥರ ಒಂದಕ್ಕೊಂದು ಅಂಟಿಕೊಂಡ ಎಲೆ ಬಿದ್ದಾಗ ಮಾತ್ರ ಅವರಿಗೂ ಅನುಮಾನ. ಹಾಗಾಗಿ ಆಟಕ್ಕೆ ಕೂತ ಮೊದಲ ಹೊತ್ತಿನಲ್ಲಿ ನಾನು ಗಮನಿಸುವುದು ಇಷ್ಟೇ: ರೇಸ್ ಮಾಡಿಯೂ ಫ್ಲಾಪ್‌ನಲ್ಲಿ ಯಾರು ಸುಮ್ಮನಾಗುತ್ತಾರೆ? ಅಂಥವರ ಎದುರು ಮೊದಲೇ ಬೆಟ್ ಹಾಕುತ್ತೇನೆ. ಉಳಿದವರಿಗೆಲ್ಲ ಚೆಕ್-ರೇಸ್.

ನಾಲ್ಕೈದು ಜನ ಕಾಲ್ ಮಾಡಿದ್ದರೆ ರೇಸ್ ಮಾಡಿದವನು ಎಲ್ಲಿ ಕೂತಿದ್ದಾನೆ ಅನ್ನುವುದೇ ಮುಖ್ಯ. ಅವನು ಬಟನ್‌ನಲ್ಲಿದ್ದರೆ ಎಲ್ಲರೂ ಚೆಕ್ ಮಾಡಿದ ಮೇಲೆ ಬೆಟ್ ಹಾಕುತ್ತಾನೆ. ನಾನು ರೇಸ್ ಮಾಡಿದಾಗ ನಡುವೆ ಕೂತವರು ಒಂದೇ ಏಟಿಗೆ 16 ಡಾಲರ್ ಕೊಡಬೇಕು. ಅರ್ಧ ಜನ ಜಾಗ ಖಾಲಿ ಮಾಡುತ್ತಾರೆ. ಅವನು ನನ್ನ ಎಡಕ್ಕೇ ಇದ್ದರೆ ಇದು ತಲೆಕೆಳಗು. ಅವನ ಬೆಟ್‌ಗೆ ಎಲ್ಲರೂ 8 ಕೊಟ್ಟು ಒಳಗೆ ಬಂದಾಗಿರುತ್ತದೆ, ನಾನು ರೇಸ್ ಮಾಡಿದರೂ ಇನ್ನೊಂದು 8 ಕೊಡುತ್ತಾರೆ, ಯಾರೂ ಏಳುವುದಿಲ್ಲ. ಆಗ ನಾನೇ ಬೆಟ್ ಹಾಕಿ, ಅವನ ಕೈಯಿಂದ ರೇಸ್ ಮಾಡಿಸುವುದು ವಾಸಿ. ಕೈಯಲ್ಲಿ ಫ್ಲಶ್‌ಗೆ ಒಂದೆಲೆ ಕಡಿಮೆ ಇದ್ದರೆ ಮಾತ್ರ ಜನ ಇರಲಿ ಅಂತ ಚೆಕ್-ರೇಸೇ ಮಾಡುತ್ತೇನೆ.

ಸ್ಮಾಲ್ ಬ್ಲೈಂಡ್‌ನಲ್ಲಿ ಕಾಲ್ ಮಾಡುವುದನ್ನು ಹೆಚ್ಚುಕಡಿಮೆ ಬಿಟ್ಟಿದ್ದೇನೆ. ರೇಸ್, ಇಲ್ಲವೇ ಫೋಲ್ಡ್ (ಎಲೆ ಎಸೆಯುವುದು).

ಟರ್ನ್‌ವರೆಗೂ ಕಾದು ಚೆಕ್-ರೇಸ್ ಮಾಡಿದರೆ ಗೆದ್ದಾಗ ಜಾಸ್ತಿ ಸಿಗುತ್ತದೆ, ಬೆಟ್ ಅಲ್ಲಿ 16 ಆಗುತ್ತದಲ್ಲ. ಅವನು ಚೆಕ್ ಮಾಡಿಬಿಟ್ಟರೆ ಹೋಗುವುದೂ 16. ಶುಕ್ರವಾರ ಆಫೀಸು ಮುಗಿಸಿ, ಜೇಬಲ್ಲಿ 300 ಡಾಲರ್ ಇಟ್ಟುಕೊಂಡು ಬರುವ ನನಗೆ ಫ್ಲಾಪ್‌ನಲ್ಲೇ ಮಾಡುವುದು ಒಳ್ಳೆಯದು. ದೊಡ್ಡ ದುಡ್ಡು, ಹೊಸ ಹುರುಪು ಎರಡೂ ಇರುವವರು ಟರ್ನ್‌ವರೆಗೆ ಕಾಯಲಿ.