ನಾನ್‌ಖಟಾಯಿ, ರವೆ ಕೇಕ್, ಖಾರ ಬಿಸ್ಕತ್ತು: ಮೊದಲು ಖಾಲಿಯಾದ ಡಬ್ಬ ಯಾವುದು?

ತಿಂಗಳಿಗೊಂದು ಭಾನುವಾರ ನಾವು ಏಳು ಜನ ಹಳೇ ಗೆಳತಿಯರು ಲಾಲ್‌ಬಾಗ್‌ನಲ್ಲಿ ಸೇರುತ್ತೇವೆ. ಮನೆಗೆ ಪುಟ್ಟ ಓವನ್ ತಂದ ತಪ್ಪಿಗೆ ಮೂರು ತಿಂಗಳಿಂದ ತಿಂಡಿ ಡಬ್ಬ ನನ್ನ ತಲೆಗೇ ಬಿದ್ದಿದೆ. ಒಬ್ಬಳು ಮೊಟ್ಟೆ ಮುಟ್ಟುವುದಿಲ್ಲ. ಇನ್ನಿಬ್ಬರಿಗೆ ಸಕ್ಕರೆ ಕಾಯಿಲೆ. ಡಬ್ಬ ಮೆಟ್ರೋದ ನೂಕುನುಗ್ಗಲನ್ನೂ ತಡೆದುಕೊಳ್ಳಬೇಕು. ಇಷ್ಟನ್ನೂ ಲೆಕ್ಕ ಹಾಕಿ ತಿಂಗಳಿಗೊಂದರಂತೆ ಮೂರು ಮಾಡಿ ನೋಡಿದೆ.

ಮೊದಲು ನಾನ್‌ಖಟಾಯಿ. ಇದಕ್ಕಿಂತ ಸುಲಭದ್ದು ಇಲ್ಲ. ಒಂದು ಬಟ್ಟಲು ಮೈದಾ, ಕಾಲು ಬಟ್ಟಲು ಕಡಲೆಹಿಟ್ಟು, ಅರ್ಧ ಬಟ್ಟಲು ತುಪ್ಪ, ಅರ್ಧ ಬಟ್ಟಲು ಸಕ್ಕರೆ ಪುಡಿ, ಏಲಕ್ಕಿ, ಚಿಟಿಕೆ ಸೋಡಾ. ಉಂಡೆ ಮಾಡಿ ಸ್ವಲ್ಪ ಒತ್ತಿ 160 ಡಿಗ್ರಿಯಲ್ಲಿ 20 ನಿಮಿಷ ಇಟ್ಟರೆ ಆಯಿತು. ಆದರೂ ಮೊದಲ ಸಲ ಕೆಡಿಸಿದೆ. ಗಟ್ಟಿ ತುಪ್ಪ ಹಾಕೋ ಬದಲು ಕಾಸಿದ ತುಪ್ಪವನ್ನೇ ಸುರಿದೆ. ಓವನ್ ಬಾಗಿಲು ತೆಗೆದಾಗ ಹದಿನಾರು ಉಂಡೆ ಸೇರಿ ತಟ್ಟೆಯಗಲದ ಒಂದೇ ನಾನ್‌ಖಟಾಯಿ ಆಗಿತ್ತು! ಮುರಿದು ಒಯ್ದೆ, 'ನಾನ್‌ಖಟಾಯಿ ಚಿಕ್ಕಿ' ಅಂತ ಹೆಸರಿಟ್ಟರು.

ಆಮೇಲೆ ಮನೆಯಲ್ಲಿ ಗಟ್ಟಿ ತುಪ್ಪದಲ್ಲಿ ಮಾಡಿದೆ, ಸರಿ ಬಂತು. ತುಪ್ಪದ ಬದಲು ಬೆಣ್ಣೆಯಲ್ಲೂ ಮಾಡಿದೆ. ಬೆಣ್ಣೆಯಲ್ಲಿ ನೀರಿನಂಶ ಇರುತ್ತೆ, ಅದಕ್ಕೇ ಇರಬೇಕು, ಬಾಯಲ್ಲಿ ಹಾಗೆ ಕರಗಲಿಲ್ಲ. ಇನ್ನೊಂದು ಮಾತು: ಓವನ್‌ನಿಂದ ತೆಗೆದಾಗ ಮೆತ್ತಗಿದೆ ಅಂತ ಮತ್ತೆ ಒಳಗಿಡಬೇಡಿ. ಆರಿದ ಮೇಲೆ ತಾನೇ ಗಟ್ಟಿಯಾಗುತ್ತೆ.

ರವೆ ಕೇಕ್ ಬಗ್ಗೆ ಹೆಚ್ಚು ಹೇಳೋದಿಲ್ಲ. ರವೆ, ಮೊಸರು, ಸಕ್ಕರೆ, ಹಾಲು, ಎಣ್ಣೆ ಕಲಸಿ ಅರ್ಧ ಗಂಟೆ ನೆನೆಸಿ, ಕೊನೆಗೆ ಸೋಡಾ ಹಾಕಿ ಬೇಯಿಸೋದು. ಓವನ್ ಇಲ್ಲದವರಿಗೆ ಇದೇ ಸರಿ. ಕುಕ್ಕರಿನ ತಳಕ್ಕೆ ಉಪ್ಪು ಹರಡಿ, ಗ್ಯಾಸ್ಕೆಟ್, ವೆಯ್ಟ್ ಎರಡೂ ತೆಗೆದು ಸಣ್ಣ ಉರಿಯಲ್ಲಿ ಇಟ್ಟರೂ ಚೆನ್ನಾಗಿ ಉಬ್ಬುತ್ತೆ. ರುಚಿಗೆ ದೂರಿಲ್ಲ, ಮಾರನೇ ದಿನವೂ ಮೆತ್ತಗಿತ್ತು. ಆದರೆ ಪಾರ್ಕಿನಲ್ಲಿ ಚಾಕು, ತಟ್ಟೆ, ಕೈ ಒರೆಸೋಕೆ ಬಟ್ಟೆ ಅಂತ ಪೂರ್ತಿ ಸಂಸಾರವೇ ಬೇಕಾಯಿತು. ಉದುರಿದ್ದಕ್ಕೆ ಇರುವೆ ಬೇರೆ. ಮನೆಗೆ ಬಂದವರಿಗೆ ಕೊಡೋದಾದರೆ ಸರಿ, ಹೊತ್ತುಕೊಂಡು ಹೋಗೋಕೆ ಬೇಡ.

ಖಾರ ಬಿಸ್ಕತ್ತಿಗೆ ಕೈ ಹಾಕೋಕೆ ಸ್ವಲ್ಪ ಹೆದರಿಕೆಯಿತ್ತು. ವಿ.ವಿ. ಪುರಂನಲ್ಲಿ 1953ರಿಂದ ಇರುವ ವಿ.ಬಿ. ಬೇಕರಿ ಲಾಲ್‌ಬಾಗ್‌ನಿಂದ ದೂರವೇನಲ್ಲ. ಅಯ್ಯಂಗಾರ್ ಬೇಕರಿ ಖಾರ ತಿಂದೇ ಬೆಳೆದ ಬಾಯಿಗಳ ಮುಂದೆ ನನ್ನ ಡಬ್ಬ ಬಿಚ್ಚಬೇಕಲ್ವಾ?

ಒಂದೂವರೆ ಬಟ್ಟಲು ಮೈದಾ, 100 ಗ್ರಾಂ ಬೆಣ್ಣೆ, ಎರಡು ಚಮಚ ಸಕ್ಕರೆ ಪುಡಿ, ಮುಕ್ಕಾಲು ಚಮಚ ಉಪ್ಪು, ಅರ್ಧ ಚಮಚ ಬೇಕಿಂಗ್ ಪೌಡರ್. ಇದಕ್ಕೆ ಸಣ್ಣಗೆ ಹೆಚ್ಚಿದ ಹಸಿಮೆಣಸಿನಕಾಯಿ, ಶುಂಠಿ, ಕರಿಬೇವು, ಕೊತ್ತಂಬರಿ. ಸೊಪ್ಪು ತೊಳೆದು ಬಟ್ಟೆ ಮೇಲೆ ಹರಡಿ ಪೂರ್ತಿ ಒಣಗಿಸಬೇಕು, ಇಲ್ಲಾಂದ್ರೆ ಬಿಸ್ಕತ್ತು ಗರಿಯಾಗೋದಿಲ್ಲ. ಹಿಟ್ಟು ಕೂಡಿಕೊಳ್ಳೋಕೆ ಎರಡು ಚಮಚ ಮೊಸರು ಸಾಕು. ಚಪಾತಿ ಹಿಟ್ಟಿನ ಹಾಗೆ ನಾದಲೇಬಾರದು, ನಾದಿದರೆ ಗಟ್ಟಿಯಾಗುತ್ತೆ. ಲಟ್ಟಿಸಿ, ಸ್ಟೀಲ್ ಲೋಟದ ಬಾಯಿಂದ ಕತ್ತರಿಸಿ, 170 ಡಿಗ್ರಿಯಲ್ಲಿ 20 ನಿಮಿಷ ಇಟ್ಟೆ. ಅಂಚು ಕೆಂಪಗಾಗುವ ಹೊತ್ತಿಗೆ ಕರಿಬೇವಿನ ವಾಸನೆಗೆ ಪಕ್ಕದ ಮನೆಯವರು ಬಾಗಿಲಿಗೆ ಬಂದು "ಏನ್ರೀ ವಿಶೇಷ?" ಅಂದರು.

ಹಸಿ ಹಿಟ್ಟು ನಾಲಿಗೆಗೆ ಇಟ್ಟಾಗ ಖಾರ ಜಾಸ್ತಿ ಆಯ್ತೇನೋ ಅನಿಸಿತ್ತು. ಬೆಂದ ಮೇಲೆ ನೋಡಿದರೆ ಇನ್ನೊಂದು ಮೆಣಸಿನಕಾಯಿ ಹಾಕಬಹುದಿತ್ತು. ಕೆಲಸವೂ ಮೂರರಲ್ಲಿ ಇದಕ್ಕೇ ಹೆಚ್ಚು. ಹೆಚ್ಚೋದು, ಒಣಗಿಸೋದು, ಲಟ್ಟಿಸೋದು ಸೇರಿ ಒಂದೂವರೆ ಗಂಟೆ ಹಿಡಿಯಿತು. ನಾನ್‌ಖಟಾಯಿ ಮುಕ್ಕಾಲು ಗಂಟೆಯೊಳಗೆ ಮುಗಿದಿತ್ತು.

ಆದರೆ ಲಾಲ್‌ಬಾಗ್‌ನಲ್ಲಿ ನಡೆದದ್ದೇ ಬೇರೆ. ಸಿಹಿ ತಿಂಡಿಯಾದರೆ ಎಲ್ಲರೂ ಒಂದು ತಗೊಂಡು "ಸಾಕಮ್ಮ" ಅನ್ನುತ್ತಿದ್ದರು. ಖಾರ ಬಿಸ್ಕತ್ತಿಗೆ ಯಾರೂ ಸಾಕು ಅನ್ನಲಿಲ್ಲ. ಮಾತಾಡ್ತಾ ಮಾತಾಡ್ತಾ ಕೈ ತಾನಾಗಿ ಡಬ್ಬಕ್ಕೆ ಹೋಗ್ತಿತ್ತು. ಸಕ್ಕರೆ ಕಾಯಿಲೆಯವರೂ ಮೈದಾ ಅಂತ ಗೊಣಗಿಕೊಂಡೇ ಎರಡೆರಡು ತಿಂದರು. ಬೇಕರಿಯದರಷ್ಟು ಪದರ ಬಂದಿಲ್ಲ ಅಂತ ಒಬ್ಬಳು ತಪ್ಪು ಹುಡುಕಿದಳು, ನಿಜವೇ. ಕೊನೆಗೆ ತಳದ ಪುಡಿಯನ್ನು ಅಂಗೈಗೆ ಸುರಿದುಕೊಂಡು ಬಾಯಿಗೆ ಹಾಕಿಕೊಂಡವಳೂ ಅವಳೇ.

ಹಿಂದಿನ ರಾತ್ರಿ ನೆನಪಾದರೆ ನಾನ್‌ಖಟಾಯಿ ಮಾಡುತ್ತೇನೆ. ಶನಿವಾರ ಮಧ್ಯಾಹ್ನ ಬಿಡುವಿದ್ದರೆ ಖಾರ ಬಿಸ್ಕತ್ತೇ. ಮುಂದಿನ ತಿಂಗಳಿಗೆ ಸಬ್ಬಸಿಗೆ ಸೊಪ್ಪು ಹಾಕು ಅಂತ ಈಗಲೇ ಹೇಳಿ ಕಳಿಸಿದ್ದಾರೆ, ಅದೂ ಎರಡು ಡಬ್ಬ.